ಬಂಡಮ್ಮನ ಹಳದಿ ಬುಕ್ಕು

ಬೆಳಿಗ್ಗೆ ಆರೂವರೆಗೆ ನಲ್ಲಿಯಲ್ಲಿ ನೀರು ಬಂತು. ದಿನ ಬಿಟ್ಟು ದಿನ ಬರುವ ನೀರು. ಕಳೆದ ಎರಡು ವಾರವೂ ಬಂದೇ ಇರಬೇಕು. ಆದರೆ ಅಷ್ಟೂ ದಿನ ಬೇರೆ ಯಾರೋ ತುಂಬಿದ್ದರು, ಬೀದರಿನ ನಾದಿನಿ, ಚಿಕ್ಕತ್ತೆ, ಹೆಸರು ನೆನಪಿಲ್ಲದ ಹೆಂಗಸರು. ವಾಣಿಶ್ರೀಗೆ ಕೊಡ ಮುಟ್ಟಲು ಬಿಟ್ಟಿರಲಿಲ್ಲ. ನಿನ್ನೆ ಸಂಜೆ ಕೊನೆಯವರೂ ಜಹೀರಾಬಾದಿನ ಬಸ್ಸು ಹತ್ತಿ ಹೋದರು. ಈಗ ಕೊಳವೆ ಎರಡು ಸಲ ಕೆಮ್ಮಿ ನೀರು ಬಿಡತೊಡಗಿದಾಗ ಅವಳು ಬಾಗಿಲಲ್ಲಿ ನಿಂತು ಯಾರಾದರೂ ಎದ್ದು ಹೋಗುತ್ತಾರೆಂದು ಕಾದಳು. ಯಾರೂ ಏಳಲಿಲ್ಲ. ಏಳಬೇಕಾದವಳು ಇನ್ನು ತಾನೇ ಎಂದು ತಿಳಿಯುವ ಹೊತ್ತಿಗೆ ಒಂದು ಬಕೆಟ್ಟಿನಷ್ಟು ನೀರು ಅಂಗಳದ ಕಲ್ಲಿನ ಮೇಲೆ ಹರಿದುಹೋಗಿತ್ತು. ಗಂಡ ಧನರಾಜನನ್ನು ಮಣ್ಣು ಮಾಡಿ ಇವತ್ತಿಗೆ ಹದಿನಾಲ್ಕು ದಿನ. ಅಳು ಬರುತ್ತದೆಯೇ ಎಂದು ಅವಳು ತನ್ನನ್ನೇ ನೋಡಿಕೊಂಡಳು, ಹಾಲು ಉಕ್ಕುತ್ತದೆಯೇ ಎಂದು ನೋಡುವ ಹಾಗೆ. ಬರಲಿಲ್ಲ. ಡ್ರಮ್ಮು ತುಂಬಿತು, ಎರಡು ಕೊಡ ತುಂಬಿದವು, ನೀರು ನಿಂತಿತು.

ಪಡಸಾಲೆಯಲ್ಲಿ ಅತ್ತೆ ರುಕ್ಮಿಣಿಬಾಯಿ ಪಾತ್ರೆಗಳನ್ನು ಬೇರೆ ಮಾಡುತ್ತ ಕೂತಿದ್ದಳು. ಹನ್ನೊಂದನೆಯ ದಿನದ ಊಟಕ್ಕೆ ಓಣಿಯವರಿಂದ ಇಸಿದುಕೊಂಡ ಪಾತ್ರೆಗಳು. ತಳದಲ್ಲಿ ಒಬ್ಬೊಬ್ಬರ ಹೆಸರು ಕೊರೆದಿತ್ತು. ಪ್ರತಿಯೊಂದರಲ್ಲೂ ಅವಳು ಒಂದು ಹಿಡಿ ತೊಗರಿಬೇಳೆ ಹಾಕುತ್ತಿದ್ದಳು. ಸಾವಿನ ಮನೆಯಿಂದ ಕಾಳು ಹಾಕಿ ಕೊಡಬಹುದೋ ಬಾರದೋ ಎಂದು ನಿನ್ನೆಯೆಲ್ಲ ಹೆಂಗಸರು ವಾದ ಮಾಡಿದ್ದರು. ಈಗ ರುಕ್ಮಿಣಿಬಾಯಿ ಪಾತ್ರೆಗೇ ಹೇಳುವಂತೆ ಹೇಳಿದಳು, "ಇಸ್ಕೊಂಡಿದ್ದು ಖಾಲಿ ಕೊಡಬಾರ್ದು. ಮನ್ಯಾಗ ಸಾವಾದರೇನು, ಮದಿವ್ಯಾದರೇನು." ಹಣೆಯ ತುಂಬ ವಿಭೂತಿ ಬಳಿದುಕೊಂಡಿದ್ದಳು. ಅವಳ ಕಣ್ಣು ಊದಿದ್ದವು. ಅಷ್ಟು ಸಲೀಸಾಗಿ ಅಳಬಲ್ಲವರ ಬಗ್ಗೆ ವಾಣಿಶ್ರೀಗೆ ಒಂದು ಬಗೆಯ ಅಸೂಯೆ ಬಂತು, ಆಮೇಲೆ ಅದರ ಬಗ್ಗೆ ನಾಚಿಕೆ ಬಂತು, ಆಮೇಲೆ ಎರಡೂ ಹೋಗಿ ಹಲ್ಲುಜ್ಜಿಲ್ಲವೆಂಬುದು ನೆನಪಾಯಿತು.

"ದವಾಖಾನಿಗಿ ಹೋಗಿ ಬರ್ತೀನತ್ತೀ," ಎಂದಳು.

"ತಿಂಗಳಾಗೂ ತನ ಹೊಸ್ತಿಲ ದಾಟಬಾರ್ದು ಅಂತಾರ. ಬೇಕಾದರ ಅವ್ರೇ ಬಂದು ಒಯ್ಲಿ ಚೀಲ."

"ನಾಕ್ ಸಲ ಫೋನ್ ಮಾಡ್ಯಾರ. ಸೋಮವಾರ ಹೈದರಾಬಾದಿಂದ ಯಾರೋ ದೊಡ್ಡವ್ರು ನೋಡಾಕ ಬರ್ತಾರಂತ."

"ಏನ್ ನೋಡಾಕ? ಸತ್ತಾವನ ಚೀಲ ನೋಡಾಕ?" ರುಕ್ಮಿಣಿಬಾಯಿ ಬೇಳೆಯ ಡಬ್ಬಿಯ ಮುಚ್ಚಳ ಬಡಿದು ಹಾಕಿದಳು. "ಹೋಗು. ನಾ ಬ್ಯಾಡಂದರ ನೀ ನಿಲ್ತೀಯೇನು. ಓದಿದಾಕಿ."

ಚೀಲ ಮೊಳೆಗೆ ತೂಗಿತ್ತು. ನೀಲಿ ರೆಕ್ಸಿನ್ನಿನದು, ಧನರಾಜ ಕೆಲಸಕ್ಕಿದ್ದ ಟ್ರಸ್ಟಿನ ದವಾಖಾನೆಯ ಗುರುತು ಇದ್ದದ್ದು. ಬಶೀರಾಬಾದ್ ರಸ್ತೆಯ ತಿರುವಿನಲ್ಲಿ ಯಾವುದೋ ಟ್ರ್ಯಾಕ್ಟರು ಕಲ್ಲು ಪಾಲಿಶಿನ ಬಿಳಿ ರಾಡಿಯನ್ನು ಚೆಲ್ಲುತ್ತ ಹೋಗಿತ್ತು; ಅದರ ಮೇಲೆ ಧನರಾಜನ ಬೈಕು ಜಾರಿತ್ತು. ರಾಡಿ ಒಣಗಿ ಚೀಲದ ಒಂದು ಮಗ್ಗುಲಿಗೆ ಸುಣ್ಣದ ಹಾಗೆ ಹತ್ತಿತ್ತು. ಅವಳು ಆ ಮಗ್ಗುಲನ್ನಷ್ಟೇ ತೊಳೆದಳು. ನೀರು ಬೆಳ್ಳಗಾಯಿತು, ಒಣಗಿದ ಕೂಡಲೇ ಚೀಲ ಮತ್ತೆ ಬೆಳ್ಳಗಾಯಿತು. ಮತ್ತೊಮ್ಮೆ ತೊಳೆದಳು. ಮೂರನೆಯ ಸಲಕ್ಕೆ, ತಾನು ಒಂದು ಚೀಲದ ಮೇಲೆ ಹಲ್ಲು ಕಚ್ಚುತ್ತಿದ್ದೇನೆ ಎಂದು ಅನ್ನಿಸಿ ಬಿಟ್ಟಳು. ಒಳಗಿನದನ್ನು ಹೊರಗಿಟ್ಟಳು: ಬಿ.ಪಿ. ನೋಡುವ ಹೊಸ ಮಷಿನ್ನು, ನಾಲ್ಕು ಸೆಲ್ಲು, ಅಳತೆಯ ಟೇಪು, ಅರ್ಧ ತಿಂದು ಮಡಿಚಿಟ್ಟ ಶೇಂಗಾ ಚಿಕ್ಕಿ. ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಹಳದಿ ಬುಕ್ಕು. ಅದು ಅಲ್ಲಿ ಇರಬಾರದಾಗಿತ್ತು. ಹಳದಿ ಬುಕ್ಕು ರೋಗಿಯ ಮನೆಯಲ್ಲಿರಬೇಕು. ಪ್ರತಿ ತಿಂಗಳು ಧನರಾಜ ಹಳ್ಳಿಗೆ ಹೋಗಿ ಬಿ.ಪಿ. ನೋಡಿ ಅದರಲ್ಲಿ ಬರೆಯುತ್ತಿದ್ದ, ರೋಗಿ ಅದನ್ನು ತಾಂಡೂರಿನ ದವಾಖಾನೆಗೆ ತಂದು ತೋರಿಸಿ ಗುಳಿಗೆ ಒಯ್ಯಬೇಕು. ಬುಕ್ಕಿಲ್ಲದಿದ್ದರೆ ಗುಳಿಗೆ ಇಲ್ಲ. ಬುಕ್ಕಿನಲ್ಲಿ ಆ ತಿಂಗಳ ಅಂಕಿ ಇಲ್ಲದಿದ್ದರೂ ಇಲ್ಲ.

ಮೇಲೆ ಅವನ ಅಕ್ಷರ: ಬಂಡಮ್ಮ, ವಯಸ್ಸು ಐವತ್ತೆಂಟು. ಬಂಡಮ್ಮ ಮಣ್ಣಿನ ದಿನ ಬಂದಿದ್ದಳು. ಗೋಡೆಗೆ ಒರಗಿ ಕೂತಿದ್ದಳು, ಎರಡು ಸಲ ಏನೋ ಕೇಳಲು ಬಾಯಿ ತೆರೆದು ಸೆರಗಿನಿಂದ ಮುಚ್ಚಿಕೊಂಡಿದ್ದಳು. ದುಃಖ ಎಂದು ವಾಣಿಶ್ರೀ ತಿಳಿದಿದ್ದಳು. ಈಗ ಬುಕ್ಕು ತೆರೆದಳು. ಆರು ತಿಂಗಳ ಆರು ಸಾಲು: 131/82, 127/79, 134/84, 129/81, 133/83, 128/78. ಮೂರನೆಯ ಸಾಲಿನ ಪಕ್ಕ ಡಾಕ್ಟರಮ್ಮ ಕೆಂಪು ಶಾಯಿಯಲ್ಲಿ, ಹತೋಟಿ ಚೆನ್ನಾಗಿದೆ, ಇನ್ನು ಮೇಲೆ ಅರ್ಧ ಗುಳಿಗೆ ಸಾಕು ಎಂದು ಬರೆದಿದ್ದಳು. ಏಳನೆಯ ಸಾಲು ಧನರಾಜ ಸಾಯುವ ಹಿಂದಿನ ದಿನದ್ದು, ಹೊಸ ಮಷಿನ್ನಿನದು: 192/112. ಮೇಲಿನ ಆರೂ ಸಾಲುಗಳ ಪಕ್ಕದಲ್ಲಿ ಪೆನ್ಸಿಲಿನಿಂದ, ತಪ್ಪು ಎನ್ನುವ ಹಾಗೆ, ಒಂದೊಂದು ಸಣ್ಣ ಕತ್ತರಿ ಗುರುತು. ಮರುದಿನ ಅವನು ಹೋಗಿಬಿಟ್ಟ. ಅದರ ಮರುದಿನ ಶುಕ್ರವಾರ. ಡಾಕ್ಟರಮ್ಮ ವಾರಕ್ಕೊಮ್ಮೆ ಬರುವ ದಿನ; ಅವಳಿಗೆ ತೋರಿಸಲೆಂದೇ ಅವನು ಬುಕ್ಕು ತಂದಿಟ್ಟುಕೊಂಡಿರಬೇಕು.

ಆ ಆರು ಸಾಲುಗಳಲ್ಲಿ ಯಾವುದೂ ಅವಳಿಗೆ ಹೊಸದಾಗಿರಲಿಲ್ಲ. ಅವು ಅವಳವೇ. ಆರು ತಿಂಗಳ ಹಿಂದೊಂದು ಸಂಜೆ ಅವನು ರೊಟ್ಟಿಯ ತಾಟು ಪಕ್ಕಕ್ಕೆ ಸರಿಸಿ, ಎಲ್ಲ ರೋಗಿಗಳ ಅಂಕಿ ತುಂಬುವ ತಿಂಗಳ ಶೀಟನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಹಳೆಯ ಮಷಿನ್ನಿನ ರಬ್ಬರು ಸೀಳಿ ಗಾಳಿ ಸೋರುತ್ತಿತ್ತು. ಹೊಸದಕ್ಕೆ ಬರೆದರೆ ತಾಳ್ರಿ ಎಂಬ ಉತ್ತರ ಬಂದಿತ್ತು. ಮೂವತ್ತೊಂಬತ್ತು ಜನ ಅವನ ಹಳ್ಳಿಗಳಲ್ಲಿ. ಅಂಕಿ ಇಲ್ಲದಿದ್ದರೆ ಮೂವತ್ತೊಂಬತ್ತು ಜನಕ್ಕೂ ಗುಳಿಗೆ ಬಂದ್. ಅವನು ಮೊದಲಿನ ಒಂಬತ್ತು ಸಾಲಿಗೂ 130/80 ಎಂದು ಬರೆದಿದ್ದ. ಅದನ್ನು ನೋಡಿ ಅವಳು ನಕ್ಕುಬಿಟ್ಟಿದ್ದಳು. "ಒಂಬತ್ ಮಂದಿ ರಕ್ತ ಒಂದೇ ತಾಳಕ್ಕ ಕುಣೀತದೇನ್ರಿ? ಒಂದ್ ನಿಮಿಷದಾಗ ಸಿಕ್ಕಿಬೀಳ್ತೀರಿ." "ಮತ್ತ ಏನ್ ಮಾಡ್ಲಿ ಹೇಳ್ರಿ ಮೇಡಂ," ಎಂದು ಅವನು ಕೈ ಮುಗಿದಿದ್ದ. ಗುಲ್ಬರ್ಗದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ., ನಾರಾಯಣಖೇಡದ ಕಾಲೇಜಿನಲ್ಲಿ ಒಂದು ವರ್ಷ ಅತಿಥಿ ಉಪನ್ಯಾಸಕಿ, ಆಮೇಲೆ ಅತಿಥಿಯೂ ಅಲ್ಲ, ತಾಂಡೂರಿನ ಈ ಅಡುಗೆಮನೆ. ಆ ಸಂಜೆ ಅವಳ ಓದು ಮದುವೆಯಾದ ಮೇಲೆ ಮೊದಲ ಸಲ ಯಾರಿಗೋ ಬೇಕಾಗಿತ್ತು. ಅವಳು ಪೆನ್ನು ಕಸಿದುಕೊಂಡಳು. ಸೊನ್ನೆ ಬರೀಬ್ಯಾಡ್ರಿ, ಎಂದು ಹೇಳಿಕೊಟ್ಟಳು. ಸುಳ್ಳು ಸಿಕ್ಕಿಬೀಳುವುದು ಕೊನೆಯ ಅಂಕಿಯಲ್ಲಿ. ಖರೆ ಅಳತೆ ಅಂದರೆ ಅಡ್ಡಾದಿಡ್ಡಿ ಇರುತ್ತದೆ, ಒಂದು, ಏಳು, ನಾಲ್ಕು, ಒಂಬತ್ತು. ಹಳೆಯ ದಿನಪತ್ರಿಕೆಯ ಅಂಚಿನಲ್ಲಿ ಅವಳೇ ಬರೆದು ತೋರಿಸಿದಳು, ಅವನು ಶೀಟಿಗೆ ಇಳಿಸಿದ. ಎಷ್ಟು ಚೆನ್ನಾಗಿ ಬಂದಿತ್ತು. ಮುಂದಿನ ಐದು ತಿಂಗಳೂ ಹಾಗೆಯೇ ನಡೆಯಿತು. ಹದಿನೇಳನೆಯ ಸಾಲು ಬಂಡಮ್ಮನದು.

ಅವಳು ಬುಕ್ಕನ್ನು ಚೀಲಕ್ಕೆ ಹಾಕಲಿಲ್ಲ, ತನ್ನ ಪರ್ಸಿಗೆ ಹಾಕಿದಳು. ಯಾಕೆಂದು ಕೇಳಿಕೊಳ್ಳಲಿಲ್ಲ. ನಡುವಿನ ಪಿನ್ನು ಎರಡು ಬಿಚ್ಚಿದರೆ ಆ ಹಾಳೆ ಹೊರಬರುತ್ತದೆ ಎಂಬುದು ಮಾತ್ರ ಆಟೋದಲ್ಲಿ ದಾರಿಯುದ್ದಕ್ಕೂ ತಲೆಯಲ್ಲಿತ್ತು. ಆಟೋದವನು ಕನ್ನಡಿಯಲ್ಲಿ ಎರಡು ಸಲ ನೋಡಿದ. ಬರಿಗೈಯನ್ನು ನೋಡಿದನೋ ಮುಖವನ್ನೋ ತಿಳಿಯಲಿಲ್ಲ. ಇಳಿದಾಗ "ಬ್ಯಾಡ್ರಿ ಅಕ್ಕಾ, ನಮ್ಮವ್ವಗ ಅಣ್ಣಾನೇ ಗುಳಿಗಿ ಕೊಡಿಸ್ತಿದ್ದ" ಎಂದು ಬಾಡಿಗೆ ತೆಗೆದುಕೊಳ್ಳಲು ಒಪ್ಪಲಿಲ್ಲ. ಅವನ ಅವ್ವ ಎಷ್ಟನೆಯ ಸಾಲು? ಕೇಳಲಿಲ್ಲ.

ದವಾಖಾನೆ ಇದ್ದದ್ದು ಹಳೆಯ ತೊಗರಿಬೇಳೆಯ ಗೋದಾಮಿನಲ್ಲಿ. ಎಷ್ಟು ಫಿನಾಯಿಲ್ ಹಾಕಿದರೂ ಒಳಗೆ ಬೇಳೆಯ ಹೊಟ್ಟಿನ ವಾಸನೆ. ಪಾಳಿಗಾಗಿ ಅಂಗೈಯಗಲದ ತಾಂಡೂರು ಕಲ್ಲಿನ ಚೂರುಗಳು, ಮೇಲೆ ಬಣ್ಣದಲ್ಲಿ ಅಂಕಿ. ಮೊದಲು ಪ್ಲಾಸ್ಟಿಕ್ ಬಿಲ್ಲೆಗಳಿದ್ದವು, ಮಕ್ಕಳ ಆಟಕ್ಕೆ ಹೋಗಿ ಮುಗಿದವು. ಕಲ್ಲನ್ನು ಯಾರೂ ಮನೆಗೆ ಒಯ್ಯುವುದಿಲ್ಲ, ಈ ಊರಲ್ಲಿ ಮನೆಯೇ ಕಲ್ಲು ಎಂದು ಧನರಾಜ ಮಾಡಿಸಿದ್ದ. ಅರವತ್ತು ಜನ ಕಲ್ಲು ಹಿಡಿದು ಕೂತಿದ್ದರು. ಗುಳಿಗೆಯ ಕಿಟಕಿಯ ಮೇಲೆ ಅವನ ಫೋಟೊ, ಪ್ಲಾಸ್ಟಿಕ್ ಹೂವಿನ ಹಾರ. ಗುರುತಿನ ಚೀಟಿಯ ಫೋಟೊ ದೊಡ್ಡದು ಮಾಡಿಸಿದ್ದರು. ಮುಖ ಹಿಗ್ಗಿ ಮಸುಕಾಗಿ ಬೇರೆ ಯಾರದೋ ಹಾಗೆ ಕಾಣುತ್ತಿತ್ತು. ಕಿಟಕಿಯಲ್ಲಿ ನರ್ಸು ಸುಭದ್ರಮ್ಮ. ಕಿಟಕಿಯ ಈಚೆ, ಹಸಿರು ಇಳಕಲ್ ಸೀರೆ ಉಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತವಳು ಬಂಡಮ್ಮ.

"ಬುಕ್ಕಿಲ್ದ ಹ್ಯಾಂಗ್ ಕೊಡ್ಲಿ ಯವ್ವಾ? ಹೋದ್ ವಾರನೂ ಹೇಳೀನಿ."

"ಬುಕ್ಕ ಆತನ ಕಡಿ ಅದ ಅಂತ ನಾನೂ ಹೋದ್ ವಾರನೇ ಹೇಳೀನಿ. ಎರಡ್ ದಿನಕ್ಕಂತ ಇಸ್ಕೊಂಡ್ ಹೋಗ್ಯಾನ."

"ಆತ ಈಗ ಎಲ್ಲಿದ್ದಾನ?"

"ಅಲ್ಲೇ ನಿನ್ನ ತಲಿ ಮ್ಯಾಲ ಅದಾನಲ್ಲ." ಬಂಡಮ್ಮ ಫೋಟೊಗೆ ಗದ್ದ ಎತ್ತಿ ತೋರಿಸಿದಳು. "ಕೇಳು ಮತ್ತ. ನಿಮ್ಮ ದವಾಖಾನಿ ಮನಷ್ಯಾ, ನಿನ್ನ ಮಾತು ಕೇಳ್ತಾನ."

ಪಾಳಿಯಲ್ಲಿದ್ದವರು ನಕ್ಕರು. ಯಾರೋ ವಾಣಿಶ್ರೀಯನ್ನು ನೋಡಿ ಪಕ್ಕದವಳ ತೊಡೆ ಹಿಸುಕಿದಳು. ನಗು ಒಬ್ಬರಿಂದೊಬ್ಬರಿಗೆ ಆರುತ್ತ ಬಂತು. ಬಂಡಮ್ಮ ತಿರುಗಿದಳು. ಅವಳ ಮುಖ ಕೆಂಪಾಗಿ ಉಬ್ಬಿತ್ತು, ಕಣ್ಣಿನ ಬಿಳಿಯಲ್ಲಿ ಎಳೆ ಎದ್ದಿದ್ದವು. ಇಬ್ಬರ ನಡುವೆ ನಾಲ್ಕು ಹೆಜ್ಜೆ. ಪರ್ಸಿನ ಜಿಪ್ಪಿನ ಮೇಲೆ ವಾಣಿಶ್ರೀಯ ಬೆರಳಿತ್ತು. ತೆಗೆದು ಕೊಟ್ಟರೆ ಮುಗಿಯಿತು: ಸುಭದ್ರಮ್ಮ ತೆರೆಯುತ್ತಾಳೆ, ಏಳನೆಯ ಸಾಲು ನೋಡುತ್ತಾಳೆ, ಕತ್ತರಿ ಗುರುತು ನೋಡುತ್ತಾಳೆ, ಒಳಗೆ ಡಾಕ್ಟರಮ್ಮನಿಗೆ ಒಯ್ಯುತ್ತಾಳೆ. ಆಮೇಲೆ ಆ ಫೋಟೊ ಅಲ್ಲಿ ಎಷ್ಟು ದಿನ ಇದ್ದೀತು? ಬಂಡಮ್ಮ ಬುಕ್ಕಿನ ಬಗ್ಗೆ ಕೇಳಲಿಲ್ಲ. ಮಣ್ಣಿನ ದಿನದ ಹಾಗೆಯೇ ಬಾಯಿಗೆ ಸೆರಗು ತಂದುಕೊಂಡು, "ಉಂಡ್ಯೇನವ್ವಾ?" ಎಂದಳು. ಹ್ಞೂಂ ಎಂದಳು ವಾಣಿಶ್ರೀ. ಅದೂ ಸುಳ್ಳು. ಬಂಡಮ್ಮ ತನ್ನ ಕಲ್ಲನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಕುಟ್ಟಿದ ಹಾಗೇ ಇಟ್ಟು, ಹೊರಗೆ ಹೋದಳು.

ಸಂಯೋಜಕ ಕ್ರಾಂತಿಕುಮಾರ ತನ್ನ ಕೋಣೆಯಲ್ಲಿ ಎದ್ದು ನಿಂತ, ಕೂತ, ಮತ್ತೆ ಎದ್ದು ಫ್ಯಾನು ಅವಳ ಕಡೆ ತಿರುಗಿಸಿದ. ಒಳ್ಳೆಯ ಮನುಷ್ಯ, ಮಣ್ಣಿಗೆ ಹೆಗಲು ಕೊಟ್ಟಿದ್ದ. ತೆಲುಗು ಬೆರೆಸಿದ ಕನ್ನಡದಲ್ಲಿ ಅವನು ಸಾವಿನ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳುವವರೆಗೆ ಅವಳು ಮೇಜಿನ ಮೇಲಿನ ಕ್ಯಾಲೆಂಡರಿನ ಸೋಮವಾರದ ಸುತ್ತ ಹಾಕಿದ ಕೆಂಪು ವರ್ತುಲವನ್ನು ನೋಡಿದಳು. ಚೀಲ ಇಟ್ಟಳು. ಅವನು ಮಷಿನ್ನು ತೆಗೆದು ನೋಡಿ ಉಸಿರು ಬಿಟ್ಟ.

"ಪೆಟ್ಟಾಗಿಲ್ಲ, ಮಂಚಿದಿ, ಛಲೋ ಆತು. ಮೇಡಂ, ಧನರಾಜನ ಶೀಟು ನೋಡಿ ಹೈದರಾಬಾದಿನವರೇ ಏನಂದಾರ ಗೊತ್ತಾ? ಇಷ್ಟು ನೀಟ್ ಡೇಟಾ ಯಾವ ಸೆಂಟರಿನಾಗೂ ಇಲ್ಲ ಅಂದಾರ. ಉಳಿದವ್ರು ಎಲ್ಲಾ ನೂರಾ ಮೂವತ್ತು ಎಂಬತ್ತು, ನೂರಾ ಮೂವತ್ತು ಎಂಬತ್ತು. ಈತಂದು ಮಾತ್ರ ಒರಿಜಿನಲ್."

ಅವಳ ಕಿವಿಯ ಹಿಂದೆ ಬಿಸಿಯಾಯಿತು. ಹದಿನಾಲ್ಕು ದಿನದಲ್ಲಿ ಅವಳ ಮೈಯಲ್ಲಿ ಆದ ಮೊದಲ ಬದಲಾವಣೆ ಅದು.

"ಆ ಬಂಡಮ್ಮಗ ಗುಳಿಗಿ ಯಾಕ ಕೊಡವಲ್ರಿ?"

"ರೂಲ್ ಮೇಡಂ. ಮೊದಲ ಒಬ್ಬೊಬ್ರು ಎರಡೆರಡು ಸಲ ಒಯ್ತಿದ್ರು. ಬುಕ್ಕ ಬೇಕೇ ಬೇಕು."

"ಹೊಸಾ ಬುಕ್ಕ ಮಾಡ್ರಿ."

"ಹೊಸಾದಕ್ಕ ಹಳೇದರ ನಂಬರ್ ಬೇಕಲ್ರಿ."

"ಕಂಪ್ಯೂಟರ್‌ನಾಗ ಇಲ್ಲೇನು?"

"ಅದ. ಪಾಸ್‌ವರ್ಡ್ ಧನರಾಜನ ಹತ್ರ ಇತ್ತು." ಅವನು ತನ್ನ ಮಾತನ್ನು ತಾನೇ ಕೇಳಿ ತಲೆ ತಗ್ಗಿಸಿದ. ಆಮೇಲೆ ಡ್ರಾಯರಿನಿಂದ ಒಂದು ಶೀಟು ತೆಗೆದು ಮೆಲ್ಲಗೆ ಅವಳ ಕಡೆ ಸರಿಸಿದ. "ಕೇಳಬಾರ್ದು. ಆದ್ರೂ ಕೇಳ್ತೀನಿ. ಈ ತಿಂಗಳಂದು ಖಾಲಿ ಅದ. ಸೋಮವಾರ ಅವ್ರ ಮುಂದ ಖಾಲಿ ಹಾಳಿ ಇಟ್ರ ನಮ್ಮ ಸೆಂಟರ್ ಮುಚ್ತಾರ, ಖರೇನೇ ಮುಚ್ತಾರ. ನೀವು ಸ್ಟಾಟಿಸ್ಟಿಕ್ಸ್ ಓದೀರಿ. ಹಿಂದಿನ ತಿಂಗಳಿಂದು ನೋಡಿ, ಅಂದಾಜಿಗಿ... ಆತ ಬರೆದಂಗೇ ಬರೀಬೇಕು, ಅಷ್ಟೇ."

ಬೇಡ ಎನ್ನಬೇಕಿತ್ತು. ಎದ್ದು ಮೇಜು ಒದೆಯಬೇಕಿತ್ತು. ಅವಳು ಪೆನ್ನು ಎತ್ತಿಕೊಂಡಳು. ಕೈ ತಾನಾಗಿ ನಡೆಯಿತು: 131/83. 126/79. ಎಷ್ಟು ಸುಲಭ. ಸಾವು ಬಂದು ಎಲ್ಲವನ್ನೂ ಒಯ್ದಿತ್ತು, ಇದೊಂದನ್ನು ಬಿಟ್ಟು ಹೋಗಿತ್ತು. ಕ್ರಾಂತಿಕುಮಾರ ಮೇಲಿನಿಂದ ಬಾಗಿ ನೋಡಿ, "ಸೇಮ್ ಟು ಸೇಮ್," ಎಂದ, ಕಣ್ಣಲ್ಲಿ ನೀರು ತಂದುಕೊಂಡು. ಆತನ ಜಾಗಕ್ಕ ನೀವೇ ಬರ್ರಿ ಮೇಡಂ, ನಾ ಮಾತಾಡ್ತೀನಿ ಎಂದ. 133/81. ಒಂಬತ್ತು ಸಾಲು, ಹನ್ನೆರಡು. ಧನರಾಜ, ಸಾಯುವ ಹಿಂದಿನ ದಿನ, ಆ ಬುಧವಾರ ಮನೆಗೆ ಬಂದವನೇ ಊಟ ಬೇಡವೆಂದಿದ್ದ. ಯಾಕ್ರಿ ಎಂದರೆ, ಹೊಸ ಮಷಿನ್ ಬ್ಯಾರೇನೇ ಹೇಳ್ತದ ಎಂದಿದ್ದ. ಅವಳು ರೊಟ್ಟಿ ಬಡಿಯುತ್ತಿದ್ದಳು. "ಹಳೇ ಅಂಕಿಗಿ ಹೊಂದೂ ಹಾಂಗ ಸ್ವಲ್ಪ ಸ್ವಲ್ಪ ಏರಿಸ್ಕೋತ ಹೋಗ್ರಿ, ಒಮ್ಮೆಲೇ ಹಾರಿದ್ರ ಅನುಮಾನ ಬರ್ತದ" ಎಂದಿದ್ದಳು, ಹಿಂದೆ ತಿರುಗದೆ. ಅವನ ಜೊತೆ ಅವಳು ಆಡಿದ ಕೊನೆಯ ಲೆಕ್ಕದ ಮಾತು ಅದು. ಹದಿನೇಳನೆಯ ಸಾಲಿಗೆ ಪೆನ್ನು ಬಂದು ನಿಂತಿತು. ಬಂಡಮ್ಮ. ಪಕ್ಕದ ಚೌಕ ಖಾಲಿ. ಪೆನ್ನಿನ ಮೊನೆ ಕಾಗದದ ಮೇಲೆ ಕೂತಲ್ಲೇ ಶಾಯಿ ಹರಡಿ ಒಂದು ಮಚ್ಚೆಯಾಯಿತು.

ಅವಳು ಶೀಟನ್ನು ನಾಲ್ಕಾಗಿ ಮಡಿಚಿ ಪರ್ಸಿಗೆ ಹಾಕಿ, ಮಷಿನ್ನು ಎತ್ತಿಕೊಂಡಳು.

"ಒಂದ್ ತಾಸು ಬೇಕು ಇದು."

"ಯಾಕ್ರಿ ಮೇಡಂ?"

"ನೋಡಾಕ."

"ಏನ್ ನೋಡಾಕ್ರಿ?" ಎಂದು ಅವನು ಕೇಳಿದಾಗ ಅತ್ತೆಯ ದನಿಯೇ ಕೇಳಿದಂತಾಗಿ, ಅವಳಿಗೆ ನಗು ಬಂತು; ಮಷಿನ್ನು ಹಿಡಿದು ಹೊರಗೆ ನಡೆದಳು.

ಬಸ್ ಸ್ಟ್ಯಾಂಡಿನಲ್ಲಿ ಬಶೀರಾಬಾದಿನ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲಿನ ಬೆಂಚಿನ ಮೇಲೆ ಬಂಡಮ್ಮ ಕಾಲು ಮಡಿಚಿ ಕೂತು, ಗಂಟಿನಿಂದ ರೊಟ್ಟಿ ತೆಗೆದು ಖಾರದ ಜೊತೆ ತಿನ್ನುತ್ತಿದ್ದಳು. ವಾಣಿಶ್ರೀಯನ್ನು ಕಂಡು ಸರಿದು ಜಾಗ ಕೊಟ್ಟಳು. ಉಂಡೀನಂತ ಸುಳ್ಳು ಹೇಳಿದಿ, ತಗೋ ಎಂದು ಅರ್ಧ ರೊಟ್ಟಿ ಮುರಿದು ಕೈಗಿಟ್ಟಳು. ವಾಣಿಶ್ರೀ ತಿಂದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಖಾರಕ್ಕೇ ಬಂತು.

"ಅವ್ವಾ, ತೋಳು ಕೊಡ್ರಿ."

ಅವಳು ಯಾರ ತೋಳಿಗೂ ಆ ಪಟ್ಟಿ ಕಟ್ಟಿದವಳಲ್ಲ. ಮೊದಲು ತಲೆಕೆಳಗು ಕಟ್ಟಿದಳು, ಬಂಡಮ್ಮನೇ ತಿರುಗಿಸಿ ತೋರಿಸಿದಳು, ಈ ನಳಿಗಿ ಹಿಂಗ ಕೆಳಗ ಬರ್ಬೇಕು. ಮಷಿನ್ನು ಗುರುಗುಟ್ಟಿತು. ನಾಲ್ಕು ಜನ ಕೂಡಿದರು. "ಏನ್ ನಡದದ ಇಲ್ಲಿ?" "ಬಿ.ಪಿ. ನೋಡ್ತಾರ, ಫ್ರೀ." "ನಂದೂ ನೋಡಕ್ಕಾ, ಹೆಂಡ್ತಿ ಮಾತಾಡಿಸಿದ್ರ ಏರ್ತದ." "ನಿಂದು ಬಿ.ಪಿ. ಅಲ್ಲೋ, ಪುಕ್ಕಲ." ಗುರುಗುಟ್ಟುವುದು ನಿಂತು ಅಂಕಿ ಮೂಡಿತು. ವಾಣಿಶ್ರೀ ನೋಡಿದಳು, ಬಿಚ್ಚಿದಳು, ಎರಡು ನಿಮಿಷ ಬಿಟ್ಟು ಮತ್ತೆ ಕಟ್ಟಿದಳು. ಅದೇ ಬಂತು. 190/110. ಎರಡರ ಕೊನೆಯಲ್ಲೂ ಸೊನ್ನೆ. ಅವಳ ಪಾಠದ ಪ್ರಕಾರ ಇದು ಹಸೀ ಸುಳ್ಳು. ಯಾರೂ ನಂಬಬಾರದ ಅಂಕಿ.

"ಎಷ್ಟದ?" ಎಂದಳು ಬಂಡಮ್ಮ.

"ಭಾಳ ಅದ."

"ಆತಗೂ ಆವತ್ತ ಭಾಳೇ ಬಂತು. ಮೂರ್ ಸಲ ಕಟ್ದ. ಬಿ.ಪಿ. ನಂದು, ಬೆವತಾಂವ ಆತ." ಬಂಡಮ್ಮ ತೋಳು ಉಜ್ಜಿಕೊಂಡಳು. "ಪಾಪ, ಆರ್ ತಿಂಗಳ ಮ್ಯಾಲ ಕಟ್ಟಿದ್ದ."

ವಾಣಿಶ್ರೀಯ ಕೈ ಪಟ್ಟಿಯ ಮೇಲೆಯೇ ನಿಂತಿತು. "ನಿಮಗ ಗೊತ್ತಿತ್ತೇನು, ಕಟ್ಟದೇ ಬರೀತಾನಂತ?"

"ಗೊತ್ತಿರ್ಲಾರ್ದ ಏನು? ನನ್ನ ತೋಳಲ್ಲೇನು ಇದು?"

"ಮತ್ತ ಯಾಕ ಸುಮ್ಮನಿದ್ರಿ?"

"ಹೇಳಿದ್ರ ಗುಳಿಗಿ ಬಂದ್ ಆಗ್ತಿದ್ವು. ಆತ ಬರೀತಿದ್ದ, ನಾ ನುಂಗ್ತಿದ್ದೆ. ಅರ್ಧ ಮಾಡಿದ ಮ್ಯಾಲ ತಲಿ ತಿರಗಾಕ ಹತ್ತಿತು, ಹೊಲದಾಗ ಒಂದಿನ ಬಿದ್ದೆ. ಆತ ಬಂದಾಗ ಹೇಳ್ಬೇಕಂದೆ. ಆತ ಕುಂತು, ಯವ್ವಾ ನಿಂದು ಛಲೋ ಅದ ಅಂತ ಬರ್ದ. ಏನ್ ಹೇಳೂದು. ಮಾರಿ ನೋಡಿದ್ರ ಆತಗೇ ಬ್ಯಾನಿ ಇದ್ದಾಂಗಿತ್ತು."

"ಆ ಅಂಕಿ ಆತಂದಲ್ಲ," ಎಂದಳು ವಾಣಿಶ್ರೀ. ತನ್ನ ದನಿ ತರಗತಿಯಲ್ಲಿ ಪಾಠ ಹೇಳುವಷ್ಟು ಸ್ಪಷ್ಟವಾಗಿರುವುದನ್ನು ಕೇಳಿಸಿಕೊಂಡಳು. "ನಾ ಹೇಳಿಕೊಟ್ಟಿದ್ದು. ಎಲ್ಲಾರದೂ."

ಬಂಡಮ್ಮ ಅವಳನ್ನು ನೋಡಿದಳು. ಬೈಯುತ್ತಾಳೆ ಎಂದು ವಾಣಿಶ್ರೀ ಕಾದಳು. ಬೈದರೆ ಒಳಗೆ ಎಲ್ಲೋ ಏನೋ ಕದಲೀತೆಂದು ಆಸೆಯಿಂದಲೇ ಕಾದಳು.

"ಎಷ್ಟ್ ವರ್ಷ ಸಾಲಿ ಓದಿದಿ?"

"ಹದಿನೇಳು."

"ಹದಿನೇಳು ವರ್ಷ," ಎಂದಳು ಬಂಡಮ್ಮ, ಬಾಯಲ್ಲಿ ಉಳಿದ ರೊಟ್ಟಿಯ ಚೂರನ್ನು ನಾಲಗೆಯಿಂದ ಹುಡುಕುತ್ತ.

ಬಸ್ಸು ಬಂತು. ಇದು ಹೋದರೆ ಇನ್ನು ಐದಕ್ಕೆ. ಜನ ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿದರು. ಬಂಡಮ್ಮ ಎದ್ದು ಗಂಟು ಕಂಕುಳಿಗೆ ಇರುಕಿದಳು. "ಡಾಕ್ಟರಮ್ಮ ಎರಡರ ತನ ಇರ್ತಾರ," ಎಂದಳು ವಾಣಿಶ್ರೀ. "ಬುಕ್ಕಿಲ್ದ ಆಕಿ ಮಾರಿ ನೋಡ್ತಾಳೇನು?" "ಬುಕ್ಕ ಅದ." ಪರ್ಸಿನ ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತು, ಎಳೆದಳು, ಹರಿಯುವಷ್ಟು ಎಳೆದಳು. ಹಳದಿ ಅಂಚು ಕಂಡಿತು. ಬಂಡಮ್ಮ ನೋಡಿದಳು. ಬೆಳಿಗ್ಗೆ ಕಿಟಕಿಯ ಮುಂದೆ ನಾಲ್ಕು ಹೆಜ್ಜೆ ದೂರದಲ್ಲಿದ್ದದ್ದು ಇದೇ ಪರ್ಸು ಎಂಬುದು ಅವಳಿಗೆ ತಿಳಿಯಿತು. ತಿಳಿದದ್ದು ಮುಖದ ಮೇಲೆ ಬಂದು ಹೋಯಿತು. ಕಂಡಕ್ಟರ್ ಬಾಗಿಲು ಬಡಿದ. ಬಂಡಮ್ಮ ಬಸ್ಸಿಗೆ ಬೆನ್ನು ತಿರುಗಿಸಿ ದವಾಖಾನೆಯ ಕಡೆ ನಡೆದಳು, ಮುಂದೆ ಮುಂದೆ, ಜೊತೆಗೆ ಬರುತ್ತಾಳೋ ಇಲ್ಲವೋ ಎಂದು ತಿರುಗಿ ನೋಡದೆ.

ಒಂದೂ ನಲವತ್ತು. ಗೋದಾಮು ಖಾಲಿಯಾಗುತ್ತಿತ್ತು. ಡಾಕ್ಟರಮ್ಮನ ಕೋಣೆಯ ಹೊರಗಿನ ಕಟ್ಟೆಯ ಮೇಲೆ ಕಲ್ಲಿನ ಚೂರುಗಳ ರಾಶಿ ಬಿದ್ದಿತ್ತು. ಒಳಗೆ ಅವಳು ಚೀಲ ಮುಚ್ಚುವ ಸದ್ದು. ಕ್ರಾಂತಿಕುಮಾರ ತನ್ನ ಬಾಗಿಲಿಗೆ ಬಂದು ನಿಂತು, ಮಷಿನ್ನನ್ನೂ ಹಳದಿ ಬುಕ್ಕನ್ನೂ ನೋಡಿ, "ಮೇಡಂ," ಎಂದ. ಅಷ್ಟೇ, ಇನ್ನೊಮ್ಮೆ ಮೆಲ್ಲಗೆ "ಮೇಡಂ" ಎಂದ. ಅವಳು ಮಡಿಚಿದ ಶೀಟನ್ನು ತೆಗೆದು, ಬರೆದ ಹದಿನಾರು ಸಾಲಿಗೂ ಉದ್ದಕ್ಕೆ ಗೀಟು ಎಳೆದು ಅವನ ಕೈಗೆ ಕೊಟ್ಟಳು. ಮೂವತ್ತೊಂಬತ್ತು ಜನಕ್ಕೂ ಹೊಸದಾಗಿ ಕಟ್ಟಿ ನೋಡಬೇಕಾಗುತ್ತದೆ, ಎಂದಳು. ಸೋಮವಾರದ ಮಾತನ್ನು ಅವನು ಶುರು ಮಾಡಿದ. ಅವಳಿಗೆ ಕೇಳಿಸುತ್ತಿತ್ತು, ಆದರೆ ಕಟ್ಟೆಯ ಮೇಲೆ ಬುಕ್ಕು ಬಿಚ್ಚಿಟ್ಟುಕೊಂಡು ಬರೆಯುತ್ತಿದ್ದಳು. ಎಂಟನೆಯ ಸಾಲು, ಇವತ್ತಿನ ತಾರೀಖು, 190/110. ಸೊನ್ನೆ ಎರಡನ್ನೂ ತಿದ್ದದೆ, ದುಂಡಗೆ ಬರೆದಳು. ಮೇಲಿನ ಆರು ಸಾಲುಗಳ ಪಕ್ಕದ ಪೆನ್ಸಿಲ್ ಕತ್ತರಿಗಳ ಮೇಲೆ ಪೆನ್ನು ಆಡಿಸಿದಳು, ಒಂದೊಂದರ ಮೇಲೂ, ಅವನ ಕೈ ಎಳೆದ ಗೆರೆಯ ಮೇಲೇ. ಕೊನೆಗೆ ತನ್ನ ಸಹಿ ಹಾಕಿದಳು, ಪೂರಾ ಹೆಸರು. ಗೋಡೆಯ ಮೇಲಿನ ಫೋಟೊ ಕಡೆ ನೋಡಲಿಲ್ಲ.

"ಇದು ನಿಮ್ದು ಅವ್ವಾ. ಆತ ಇಸ್ಕೊಂಡಿದ್ದ. ಕೊಡಾಕ ತಡಾ ಆತು."

ಬಂಡಮ್ಮ ಸೆರಗಿಗೆ ಕೈ ಒರಸಿಕೊಂಡು ಬುಕ್ಕು ತೆಗೆದುಕೊಂಡಳು. ಎರವು ಕೊಟ್ಟ ಪಾತ್ರೆ ವಾಪಸ್ಸು ಬಂದಾಗ ಎಲ್ಲಾದರೂ ತಗ್ಗು ಬಿದ್ದಿದೆಯೇ ಎಂದು ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದಳು, ತೆರೆದು, ಶಾಯಿ ಇನ್ನೂ ಹಸಿಯಾಗಿದ್ದ ಕೊನೆಯ ಸಾಲಿನ ಮೇಲೆ ಊದಿದಳು. ಆಮೇಲೆ ರಾಶಿಯಿಂದ ಒಂದು ಕಲ್ಲು ಎತ್ತಿಕೊಂಡು, ಯಾವ ಅಂಕಿ ಎಂದು ನೋಡದೆ, ಡಾಕ್ಟರಮ್ಮನ ಬಾಗಿಲನ್ನು ಅದರಿಂದಲೇ ಬಡಿದಳು.